ಕಲ್ಲವ್ವನ ಹಗುರ ರೊಟ್ಟಿ, ಮುರಿಗೆಪ್ಪನ ಕಾಟಾ

ಕೈಗೆ ಹಿಟ್ಟು ಹತ್ತಿದವರು ಹತ್ತಿದಂಗ ಕುಂದರ್ರಿ, ತೊಳಿಯಾಕ ಏಳಬ್ಯಾಡ್ರಿ. ನಡುವ ಎದ್ದು ಹೋಗಿ ಬಂದು "ಏನಾತು, ಏನಾತು" ಅಂದ್ರ ನಾ ಮತ್ತ ಮೊದಲಿಂದ ಹೇಳಾಕಿ ಅಲ್ಲ. ಹೋದ ಸಲ ಹಂಗ ಮಾಡಿದ್ರಿ, ಆಮ್ಯಾಲ ಕತಿ ಅರ್ಧಾ ಆತು ಅಂತ ನನ್ನ ಬೈದ್ರಿ. ನಾ ಹೇಳಾಕ ಹತ್ತಿದ ಮ್ಯಾಲ ಬಾಯಿ ನಂದು, ಕಿವಿ ನಿಮ್ಮವು.

ನರೇಗಲ್ಲ ಕಡೆ ಒಂದು ಊರು. ಆ ಊರಾಗ ಕಲ್ಲವ್ವ ಅಂತ ರೊಟ್ಟಿ ಬಡಿಯಾಕಿ. ಆಕಿ ರೊಟ್ಟಿ ಬಡದ್ರ ಓಣಿಗೆಲ್ಲ ಸಪ್ಪಳ ಕೇಳತಿತ್ತು, ಆದ್ರ ರೊಟ್ಟಿ ಮಾತ್ರ ಬಾಳಿ ಎಲಿಯಂಗ ತೆಳ್ಳಗ. ಗಂಡ ಸತ್ತು ಭಾಳ ವರ್ಷ ಆಗಿತ್ತು. ಇದ್ದಾಂವ ಒಬ್ಬ ಮಗ, ಮುರಿಗೆಪ್ಪ. ಮೀಸಿ ಬಂದಿತ್ತು, ಮೈಯಾಗ ಶಕ್ತಿ ಇತ್ತು, ಬುದ್ಧಿ ಒಂದ ಬಂದಿರಲಿಲ್ಲ. ಹಂಗಂತ ಮಾತು ಕೇಳಲಾರದಾಂವ ಅಲ್ಲ. ಅದ ದೊಡ್ಡ ಪಂಚಾಯ್ತಿ. ಹೇಳಿದ್ದನ್ನ ಹೇಳಿದಂಗ ಕೇಳತಿದ್ದ, ಹೇಳಿದಂಗ ಮಾಡತಿದ್ದ, ಇವತ್ತು ಹೇಳಿದ್ದನ್ನ ನಾಳೆ ಮಾಡತಿದ್ದ.

ಕಲ್ಲವ್ವಗ ಒಂದ ಚಿಂತಿ. ರಟ್ಟಿ ನೋಯಾಕ ಹತ್ತಿದ್ವು. "ನನ್ನ ಕೈ ನಿಂತ ದಿನ ಇವಗ ತುತ್ತು ಹಾಕೋರು ಯಾರು? ಯಾರರ ಒಬ್ಬರು ಇವನ್ನ ಕೆಲಸಕ್ಕ ಇಟಗೊಂಡ್ರ ನಾ ಕಣ್ಣು ತುಂಬ ನಿದ್ದಿ ಮಾಡೇನು" ಅಂತ ಹಂಚಿನ ಮುಂದ ಕುಂತು ತಾನ ಮಾತಾಡತಿದ್ಲು. ಊರಾಗ ಇಟಗೊಂಡು ನೋಡದವರು ಇರಲಿಲ್ಲ. ಬೆಳಿಗ್ಗೆ ಇಟಗೊಂಡು ಮಧ್ಯಾಹ್ನ ಕೈಮುಗದು ಕಳಸತಿದ್ರು.

ಹಿಂಗಿರಬೇಕಾದ್ರ ದವಾಖಾನಿ ಮುಂದ ಶೈಲಕ್ಕ ಅಂತ ಒಬ್ಬಾಕಿ ಅಂಗಡಿ ತಗದ್ಲು. ಏನಂಗಡಿ? ತೂಕ ಇಳಿಸೋ ಮಂದಿಗೆ ಊಟದ ಅಂಗಡಿ. ರೊಟ್ಟಿ ಒಳಗ ಮೊಳಕಿ ಹೆಸರುಕಾಳು, ಹಕ್ಕರಕಿ ಸೊಪ್ಪು, ಸೌತಿಕಾಯಿ, ಮ್ಯಾಲ ಚೂರು ಗುರೆಳ್ಳು ಹಿಂಡಿ ಪುಡಿ ಹಾಕಿ, ಚಾಪಿ ಸುತ್ತಿದಂಗ ಸುತ್ತಿ ಕೈಯಾಗ ಕೊಡೂದು. ಅದಕ್ಕ ಸುರುಳಿ ಅಂತ ಹೆಸರು. ಮೊದಲ ಮೈದಾದ ರೊಟ್ಟಿ ತರಿಸಿದ್ಲು. ಸುತ್ತಾಕ ಛಲೋ ಬರತಿದ್ವು, ಆದ್ರ ತಿಂದವರ ತೂಕ ಇಳಿಯೂದು ಬಿಟ್ಟು ಏರಿತು. ಗೋದಿ ಚಪಾತಿ ನೋಡಿದ್ಲು, ಎಣ್ಣಿ ಇಲ್ಲಂದ್ರ ತೊಗಲಾಗತಿತ್ತು. ಕಡಿಗೆ ಕಲ್ಲವ್ವನ ಮನಿ ಹುಡಿಕ್ಕೊಂಡು ಬಂದ್ಲು.

"ಕಲ್ಲವ್ವ, ನನಗ ಜೋಳದ ರೊಟ್ಟಿ ಬೇಕ್ರಿ. ಹನಿ ಎಣ್ಣಿ ಇರಬಾರದು, ಹಗುರ ಇರಬೇಕು, ಸುತ್ತಿದ್ರ ಸೀಳಬಾರದು."

"ಬಿಸೀದಿದ್ರ ಸೀಳಂಗಿಲ್ರಿ ಅಕ್ಕಾರ. ಎಸರಾಗ ನಾದಿ ಮಾಡತೀನಿ. ಅದಿರ್ಲಿ, ನನ್ನ ಮಗಗ ನಿಮ್ಮ ಅಂಗಡ್ಯಾಗ ಒಂದು ಕೆಲಸ ಕೊಡತೀರೇನು?"

"ರೊಟ್ಟಿ ಹೊತಗೊಂಡು ಬರಲಿ, ನೋಡೂಣಂತ" ಅಂದ್ಲು ಶೈಲಕ್ಕ.

ಕಲ್ಲವ್ವಗ ಹಿಗ್ಗು. ಮರುದಿನ ನಸಿಕಿನ್ಯಾಗ ಎದ್ದು ಮೆತ್ತನ್ನ ರೊಟ್ಟಿ ಬಡದು ಬುಟ್ಟ್ಯಾಗ ಹಾಕಿ ಮಗನ ಕೈಗೆ ಕೊಟ್ಲು. ಈಗ ಕೇಳ್ರಿ. ಹಿಂದಿನ ದಿನ ಮುರಿಗೆಪ್ಪ ಬಿಸಿ ರೊಟ್ಟಿ ಡಬ್ಬ್ಯಾಗ ಬಿಗದು ಇಟ್ಟು, ಅವು ಬೆವತು ಒಂದಕ್ಕೊಂದು ಅಂಟಿದ್ವು. ಆಗ ಅವ್ವ ಬೈದಿದ್ಲು, "ಬಿಸೀದ್ದನ್ನ ಗಾಳಿಗೆ ಆರಿಸಬೇಕೋ ಖೋಡಿ." ಮುರಿಗೆಪ್ಪಗ ಅದು ನೆಪ್ಪಿತ್ತು. ಸಾಲಿ ಕಂಪೌಂಡ ಗ್ವಾಡಿ ಕಂಡ. ಗ್ವಾಡಿ ಮ್ಯಾಲ ಒಂದರ ಬಾಜೂಕ ಒಂದು ರೊಟ್ಟಿ ಹಚ್ಚಿದ. ಗಾಳಿ ಬೀಸತಿತ್ತು. ತಾ ಕೆಳಗ ಕುಂತು ಕಾಯ್ದ. ಹೋಗೋರು ಬರೋರು "ಏನೋ ಇದು?" ಅಂದ್ರ, "ಆರಾಕ ಹತ್ಯಾವ್ರಿ" ಅಂದ.

ಅಂಗಡಿ ಮುಟ್ಟೂದ್ರಾಗ ರೊಟ್ಟಿ ಹಂಚಿನ ಬಿಲ್ಲಿ ಆಗಿದ್ವು. ಶೈಲಕ್ಕ ಕಾಳು ಹಾಕಿ ಸುತ್ತಾಕ ಹೋದ್ಲು. ಟಪ್ ಅಂತ ಮುರದು ಕಾಳೆಲ್ಲ ಆಕಿ ಉಡ್ಯಾಗ ಬಿತ್ತು.

"ಇದು ಸುತ್ತಾಕ ಬರಂಗಿಲ್ಲಪ. ನಾಳೆ ಕಡಕ್ ರೊಟ್ಟೀನ ಕಳಸು ಅನ್ನು ನಿಮ್ಮವ್ವಗ. ಮುರದು, ಮ್ಯಾಲ ಕಾಳು ಹಾಕಿ ಕೊಟ್ಟು ನೋಡತೀನಿ."

ಮನ್ಯಾಗ ಕಲ್ಲವ್ವ ಹಣಿ ಹಣಿ ಬಡಕೊಂಡ್ಲು. "ಲೇ ಹುಚ್ಚಪ್ಯಾಲಿ, ರೊಟ್ಟಿ ತೊಯ್ಸಿದ ಅರಿಬ್ಯಾಗ ಸುತ್ತಿ ಒಯ್ಯಬೇಕಾಗಿತ್ತು. ಸುತ್ತಿದ್ರ ಮೆತ್ತಗ ಇರತಿದ್ವು."

"ಆತು ಬೇ. ಮುಂದ ಹಂಗ ಮಾಡತೀನಿ" ಅಂದ ಮುರಿಗೆಪ್ಪ.

ಮಾಡಿದ. ಮಾಡದ ಬಿಡತಾನ?

ಕಲ್ಲವ್ವ ಕಡಕ್ ರೊಟ್ಟಿ ಮಾಡಿದ್ಲು. ಗೊತ್ತಲ್ಲ ನಿಮಗ, ಕಾಗದದಂಗ ತೆಳ್ಳಗ ಬಡದು, ಹಂಚಿನ ಮ್ಯಾಲ ಒತ್ತಿ ಒತ್ತಿ ನೀರು ಒಣಗಿಸಬೇಕು, ತಿಂಗಳಿಟ್ರೂ ಕೆಡಬಾರದು. ಇಡೀ ದಿನ ಹೊಗಿಯಾಗ ಕುಂತು ಮಾಡಿದ್ಲು. ಮುರಿಗೆಪ್ಪ ಅವನ್ನ ಹೊತಗೊಂಡು ಹಳ್ಳದ ಕಡೆ ಹೋದ. ಹೆಗಲ ಮ್ಯಾಲಿನ ಟವೆಲ್ಲು ಹಳ್ಳದಾಗ ಅದ್ದಿದ. ಹಿಂಡಬೇಕು ಅಂತ ಅವ್ವ ಹೇಳಿರಲಿಲ್ಲ, ಹಿಂಡಲಿಲ್ಲ. ರೊಟ್ಟಿ ಅದರಾಗ ಇಟ್ಟು ಬಿಗಿಯಾಗಿ ಸುತ್ತಿ ತಲಿ ಮ್ಯಾಲ ಇಟಗೊಂಡ. ಹಾದಿ ತುಂಬ ಮೋತಿ ಮ್ಯಾಲ ನೀರು ಇಳೀತು, ಆಮ್ಯಾಲ ಬಿಳೇ ನೀರು ಇಳೀತು.

ಅಂಗಡ್ಯಾಗ ಗಂಟು ಬಿಚ್ಚಿದ್ರ ಅಂಬಲಿ.

ಶೈಲಕ್ಕ ಚಮಚಾ ತಗೊಂಡು ಒಂದು ಸಲ ತಿರುವಿದ್ಲು. "ಇದನ್ನ ಸುತ್ತಲ್ಯೋ, ಕುಡೀಲ್ಯೋ?"

"ನೀವು ಹೆಂಗ ಅಂತೀರಿ ಹಂಗ್ರಿ" ಅಂದ ಮುರಿಗೆಪ್ಪ.

ಶೈಲಕ್ಕ ನಗಬಾರದು ಅಂದ್ರೂ ನಕ್ಳು. "ಹೋಗು. ರೊಟ್ಟಿ ಆಮ್ಯಾಲ ನೋಡೂಣು. ಇವತ್ತು ಕೆನಿ ತಗದ ಮೊಸರರ ಒಂದಿಷ್ಟು ತಗೊಂಡು ಬಾ. ಎಣ್ಣಿ ಬದ್ಲಿ ಅದನ್ನ ಸವರಬೇಕು."

ಮನಿಗೆ ಬಂದು ಹೇಳಿದ. ಕಲ್ಲವ್ವ ಹಂಚಿನ ಮುಂದಿಂದ ಎದ್ದ ನಿಂತ್ಲು. "ಕಡಕ್ ರೊಟ್ಟಿಗೆ ನೀರು ತೋರಿಸತಾರೇನೋ? ನಿನ್ನ ಬುದ್ಧಿಗೆ ಏನ ಹೇಳ್ಲಿ. ಅದನ್ನ ಬಿಸಲಾಗ ಹರವಿ, ಹೊರಸಿನ ಮ್ಯಾಲ ಸೀರಿ ಹಾಸಿ, ಗರಿಗರಿ ಮಾಡಿ ಒಯ್ಯಬೇಕಾಗಿತ್ತು."

"ಆತು ಬೇ. ಮುಂದ ಹಂಗ ಮಾಡತೀನಿ."

ನೀವು ಈಗ ನಗಾಕ ಹತ್ತಿದ್ರಿ. ತಡೀರಿ, ನಾ ಹೇಳತೀನಿ, ಆಮ್ಯಾಲ ನಗ್ರಿ.

ಕಲ್ಲವ್ವ ಕೆನಿ ತಗದ ಮೊಸರು ಗಡಿಗ್ಯಾಗ ಕೊಟ್ಟು ನೀರಿಗೆ ಹೋದ್ಲು. ಮುರಿಗೆಪ್ಪ ಹೊರಸು ಅಂಗಳಕ್ಕ ತಂದ. ಅವ್ವನ ಒಗದ ಸೀರಿ ಹಾಸಿದ. ಸೀರಿ ಮ್ಯಾಲ ಮೊಸರು ಸುರದು, ಕೈಲೆ ಸವರಿ, ಶಂಡಿಗಿ ಹಾಕಿದಂಗ ಹರವಿದ. ಬಾಜೂ ಮನಿ ಬೆಕ್ಕು ಬಂತು, ಅದರ ಮರಿ ಬಂದ್ವು, ಎಲ್ಲೆಲ್ಲಿಂದೋ ಎರಡು ನಾಯಿ ಬಂದ್ವು. ಅವುಕ್ಕೂ ಮುರಿಗೆಪ್ಪ ಏನೂ ಅನ್ನಲಿಲ್ಲ, ಕಾಯಬೇಕು ಅಂತ ಅವ್ವ ಹೇಳಿರಲಿಲ್ಲ.

ಕಲ್ಲವ್ವ ಕೊಡ ಹೊತಗೊಂಡು ಬಂದು ನೋಡಿದ್ರ, ಇದ್ದದ್ದು ಒಂದ ಛಲೋ ಸೀರಿ, ಅದನ್ನ ನಾಯಿ ನೆಕ್ಕಾಕ ಹತ್ಯಾವ. ಪಾಪ, ಅಳು ಬಂತು ಆಕಿಗೆ. ಕೊಡ ಇಳಿಸಿ ಕಟ್ಟಿ ಮ್ಯಾಲ ಕುಂತ್ಲು.

"ಮಗನ, ಅಂಥಾದ್ದನ್ನ ಬಾಯಿಗೆ ಅರಿಬಿ ಕಟ್ಟಿ, ಹೊತಗೊಂಡು, ನೆಳ್ಳಾಗ ನೆಳ್ಳಾಗ ಒಯ್ಯಬೇಕು."

"ಆತು ಬೇ."

ಬಾಜೂ ಮನಿ ಪಾರವ್ವಗ ಕನಿಕರ ಬಂತು. ಆಕೀ ಬೆಕ್ಕ ಅಲ್ಲೇನು ಮತ್ತ ಮೊಸರು ತಿಂದದ್ದು. "ಅಳಬ್ಯಾಡ ಕಲ್ಲವ್ವ. ನನ್ನ ಎಮ್ಮಿ ಕರ ಹೊಲದಾಗ ಐತಿ. ನಿನ್ನ ಮಗ ಅದನ್ನ ಹೊಡಕೊಂಡು ಬರಲಿ, ನಾ ಗಡಿಗಿ ಮೊಸರು ಕೊಡತೀನಿ" ಅಂದ್ಲು.

ಮುರಿಗೆಪ್ಪ ಹೋದ. ಕರದ ಬಾಯಿಗೆ ಅರಿಬಿ ಕಟ್ಟಿದ. ಹೆಗಲ ಮ್ಯಾಲ ಹೊತಗೊಂಡ. ಹೇಳಿದೆನಲ್ಲ, ಶಕ್ತಿಗೇನು ಕಡಿಮಿ ಇರಲಿಲ್ಲ. ಒಂದು ಬೇವಿನ ಗಿಡದ ನೆಳ್ಳಿಂದ ಇನ್ನೊಂದು ಗಿಡದ ನೆಳ್ಳಿಗೆ ಓಡತಿದ್ದ, ಅಲ್ಲಿ ನಿಂತು ಸೂರ್ಯನ ನೋಡತಿದ್ದ, ಮತ್ತ ಓಡತಿದ್ದ. ಎಮ್ಮಿ ತನ್ನ ಕರ ಯಾರೋ ಕಳವು ಮಾಡಿದ್ರಂತ ಬೆನ್ನ ಹತ್ತಿತು. ಮುಂದ ಮುರಿಗೆಪ್ಪ, ಹಿಂದ ಎಮ್ಮಿ, ಅದರ ಹಿಂದ ಓಣಿ ಹುಡುಗೂರು. ಪಾರವ್ವನ ಬೇಲಿ ಮುರದು ಎಮ್ಮಿ ಒಳಗ ಬಂತು. ಮೊಸರಿನ ಗಡಿಗಿ ಅದರ ಕಾಲಾಗ ಒಡೀತು.

"ಕರ ಹೊರತಾರೇನೋ?" ಅಂದ್ಲು ಕಲ್ಲವ್ವ. "ಕೊಳ್ಳಿಗೆ ಹಗ್ಗ ಹಾಕಬೇಕು. ಹಿಟ್ಟಿನ ಉಂಡಿ ಮುಂದ ತೋರಿಸಿಕೋತ, ಬಾ ಬಾ ಅಂತ ಕರಕೊಂಡು ಬರಬೇಕು."

"ಆತು ಬೇ. ಮುಂದ ಹಂಗ ಮಾಡತೀನಿ."

ಅವತ್ತು ಸಂಜಿಕೆ ಕಲ್ಲವ್ವ ಹಂಚು ಮಗುಚಿ ಇಟ್ಲು. ಮನಸ್ಸು ತಡೀಲಿಲ್ಲ. "ಅಂಗಡೀನೂ ಹೋತು, ಇವನ ಕೆಲಸಾನೂ ಹೋತು" ಅಂತ ಅಂದುಕೊಂಡು, ಮತ್ತ ತಾನ ಅಂದ್ಲು, "ರೊಟ್ಟಿ ಅಲ್ಲಿಗೆ ಹೋದ್ರ ತಾನ ಕೆಡೂದು? ಆಕೀನ ಇಲ್ಲಿಗೆ ಬಂದು ತಿನ್ನಲಿ." ಬೆಳಗಾದ ಮ್ಯಾಲ ಮಗನ ಕರದು, "ಹೋಗಪ, ಶೈಲಕ್ಕಾರನ್ನ ಕರಕೊಂಡು ಬಾ. ಹಂಚಿನ ಮ್ಯಾಲಿಂದ ಇಳಿಸಿದ್ದು ಹಂಗ ಕೊಡತೀನಿ ಅಂತ ಹೇಳು" ಅಂದ್ಲು.

ಏನಾತು ಅಂತ ನೀವ ಹೇಳ್ರಿ ನೋಡೂಣು. ಹೂಂ, ಗೊತ್ತಾತಲ್ಲ.

ಮುರಿಗೆಪ್ಪ ಒಂದು ಕೈಯಾಗ ಹಗ್ಗ, ಇನ್ನೊಂದು ಕೈಯಾಗ ಹಿಟ್ಟಿನ ಉಂಡಿ ಹಿಡಕೊಂಡು ಅಂಗಡಿ ಬಾಗಲದಾಗ ನಿಂತ.

"ಅಕ್ಕಾರ, ಅವ್ವ ಕರಕೊಂಡು ಬಾ ಅಂದಾಳ್ರಿ."

"ಈ ಹಗ್ಗ ಯಾಕ?"

"ಕೊಳ್ಳಿಗ್ರಿ."

"ಯಾರ ಕೊಳ್ಳಿಗೆ?"

"ನಿಮ್ಮ ಕೊಳ್ಳಿಗ್ರಿ. ಸ್ವಲ್ಪ ಬಗ್ಗ್ರಿ."

ಶೈಲಕ್ಕ ಎರಡು ಹೆಜ್ಜಿ ಹಿಂದ ಸರದ್ಲು. ಮುರಿಗೆಪ್ಪ ಉಂಡಿ ಮುಂದ ಮಾಡಿ, "ಬಾ, ಬಾ" ಅಂತ ಪ್ರೀತಿಲೆ ಕರದ. ಅಂಗಡ್ಯಾಗ ತಿನ್ನೋ ಮಂದಿ ಬಾಯಾಗಿನ ತುತ್ತು ಬಿಟ್ಟು ನೋಡಿದ್ರು. ಬ್ಯಾರೆ ಯಾರರ ಆಗಿದ್ರ ಪೊಲೀಸರನ್ನ ಕರೀತಿದ್ರು. ಆದ್ರ ಶೈಲಕ್ಕ ಅವನ ಮೋತಿ ನೋಡಿದ್ಲು. ಅದರಾಗ ಎಳ್ಳಷ್ಟು ಕಪಟ ಇರಲಿಲ್ಲ.

"ಉಂಡಿ ಅಷ್ಟ ಸಾಕಪ. ಹಗ್ಗ ಬ್ಯಾಡ. ಬರತೀನಿ ನಡಿ" ಅಂದ್ಲು. ಊರ ಮಂದಿ ನೋಡತಿದ್ರು, ಮುಂದ ಮುರಿಗೆಪ್ಪ ಉಂಡಿ ತೋರಿಸಿಕೋತ, ಹಿಂದ ಅಂಗಡಿ ಮಾಲಕಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೋತ.

ಕಲ್ಲವ್ವನ ಮನ್ಯಾಗ ಶೈಲಕ್ಕ ಕಣ್ಣಾರೆ ಕಂಡ್ಲು. ಕುದಿಯೋ ಎಸರು ಹಿಟ್ಟಿಗೆ ಹಾಕಿ, ಕೈ ಸುಡತಿದ್ರೂ ಬಿಡದ ನಾದೂದು. ಹಿಟ್ಟು ಬೆಣ್ಣಿಯಂಗ ಆಗೂತನಕ ನಾದೂದು. ಹನಿ ಎಣ್ಣಿ ಇಲ್ಲ. ತೆಳ್ಳಗ ಬಡದು, ಹಂಚಿಗೆ ಹಾಕಿ, ಮ್ಯಾಲ ನೀರು ಸವರಿ, ಉಬ್ಬಿದ ಕೂಡ್ಲೆ ಇಳಿಸಿ, ತೊಯ್ಸಿ ಹಿಂಡಿದ ಅರಿಬ್ಯಾಗ ಮುಚ್ಚೂದು. ಶೈಲಕ್ಕ ಒಂದನ್ನ ತಗೊಂಡು ಕಾಳು ಹಾಕಿ ಸುತ್ತಿದ್ಲು. ಸೀಳಲಿಲ್ಲ. ಬಿಚ್ಚಿ ಮತ್ತ ಸುತ್ತಿದ್ಲು. ಆಗೂ ಸೀಳಲಿಲ್ಲ. ಕುಂತಲ್ಲೆ ತಿಂದ್ಲು, ಇನ್ನೊಂದು ಕೇಳಿ ತಿಂದ್ಲು.

"ನಾಳೆಯಿಂದ ದಿನಾ ನಿಮ್ಮ ರೊಟ್ಟೀನ ಕಲ್ಲವ್ವ. ಎಲ್ಲಾ ಒಂದ ತೂಕ ಇರಬೇಕು ನೋಡ್ರಿ. ನಮ್ಮ ಮಂದಿ ತಿಂದದ್ದಕ್ಕೆಲ್ಲ ಕ್ಯಾಲರಿ ಲೆಕ್ಕ ಇಡತಾರ. ತೂಗಾಕ ಒಂದು ಸಣ್ಣ ಕಾಟಾ ಕಳಸತೀನಿ, ಅದರ ಮ್ಯಾಲ ಕೆಂಪು ಗೆರಿ ಹಾಕಿರತೀನಿ. ಉಂಡಿ ಇಟ್ರ ಮುಳ್ಳು ಆ ಗೆರಿಗೆ ನಿಂದ್ರಬೇಕು."

"ನನ್ನ ಮಗನ ಕೆಲಸ ಅಕ್ಕಾರ?"

ಶೈಲಕ್ಕ ಹಗ್ಗದ ಕಡೆ ನೋಡಿದ್ಲು. "ರೊಟ್ಟಿ ಆತ್ರಿ. ಮಗ ಬ್ಯಾಡ್ರಿ. ಸಿಟ್ಟಾಗಬ್ಯಾಡ್ರಿ ಕಲ್ಲವ್ವ, ನನ್ನ ಅಂಗಡಿ ಇನ್ನೂ ಎಳೇದು, ತಡಿಯಂಗಿಲ್ಲ."

ಕಲ್ಲವ್ವ ಹೂಂ ಅಂದ್ಲು. ಏನಂತಾಳ? ಬೇಕಾದ್ದು ಒಂದು, ಸಿಕ್ಕದ್ದು ಇನ್ನೊಂದು. ಆಕಿಗೆ ನಿದ್ದಿ ಅವತ್ತೂ ಬರಲಿಲ್ಲ.

ಸ್ವಲ್ಪ ದಿನ ಎಲ್ಲಾ ಸಸಾರ ನಡೀತು. ಕಲ್ಲವ್ವ ತಾನ ಬಡದು, ತಾನ ಹೊತಗೊಂಡು ಹೋಗಿ ಕೊಟ್ಟು ಬರತಿದ್ಲು. ಛಲೋ ರೊಟ್ಟಿ ಎಲ್ಲಾ ಅಂಗಡಿಗೆ, ಹರದದ್ದು ಮುರದದ್ದು ಮಗಗ, ಅದರಾಗ ಉಳದದ್ದು ತನಗ. ಒಂದು ದಿನ ಮೈ ಕಾದು ಜ್ವರ ಬಂತು, ರಟ್ಟಿ ಏಳಂಗಾಗಲಿಲ್ಲ. ಹೆಂಗೋ ಹಿಟ್ಟು ನಾದಿದ್ಲು, ಉಂಡಿ ಮಾಡಾಕ ಮಗನ ಕರದ್ಲು.

"ಚಂದಾಗಿ ಕೇಳಪ. ಕಾಟಾದ ಮ್ಯಾಲ ಇಡು. ಮುಳ್ಳು ಕೆಂಪು ಗೆರಿ ದಾಟಿದ್ರ ಚೂರು ಚೂರು ತಗಿ. ಗೆರಿ ಮುಟ್ಟಲಿಲ್ಲಂದ್ರ ಚೂರು ಚೂರು ಹಾಕು. ಮುಳ್ಳು ಗೆರಿಗೆ ಬಂದು ನಿಂದ್ರೂತನಕ ಬಿಡಬ್ಯಾಡ. ಯಾರು ಏನ ಅಂದ್ರೂ ಬಿಡಬ್ಯಾಡ."

"ಆತು ಬೇ."

ಕುಂತ ನೋಡ್ರಿ ಮುರಿಗೆಪ್ಪ. ತಗದ, ಹಾಕಿದ, ತಗದ, ಹಾಕಿದ. ಒಂದು ಉಂಡಿ ತಪ್ಪಲಿಲ್ಲ. ಹುಟ್ಟಿದಾಗಿಂದ ಅವ ಸರಿ ಮಾಡಿದ ಮೊದಲನೇ ಕೆಲಸ ಅದು. ಕಲ್ಲವ್ವ ನೋವು ನುಂಗಿಕೊಂಡು ರೊಟ್ಟಿ ಬಡದು, ತಾನ ಅರಿಬಿ ಸುತ್ತಿ, ಬುಟ್ಟಿ ಅವನ ತಲಿ ಮ್ಯಾಲ ಇಟ್ಟು, "ಏನೂ ಮಾಡಬ್ಯಾಡಪ, ಬರೇ ಹೋಗಿ ಕೊಟ್ಟು ಬಾ" ಅಂದು ಮಲಗಿಬಿಟ್ಲು.

ಆ ದಿನಾನ ಅಂಗಡ್ಯಾಗ ದೊಡ್ಡ ಗದ್ದಲ ನಡದಿತ್ತು.

ಅಂದಾನೆಪ್ಪ ಸಾವಕಾರ್ರು ಅಂತ. ಅವರು ಬಂದು ಕುಂತ್ರ ಬಾಕಿನ ಮ್ಯಾಲ ಇನ್ನೊಬ್ಬರಿಗೆ ಜಾಗಾ ಇರತಿರಲಿಲ್ಲ. ಡಾಕ್ಟರು ಅವರಿಗೆ ತೂಕ ಇಳಿಸ್ರಿ ಅಂದಿದ್ರು. ಅಂಗಡ್ಯಾಗ ಮನಷ್ಯಾರು ನಿಂತು ತೂಗೋ ದೊಡ್ಡ ಕಾಟಾ ಒಂದಿತ್ತು. ಸಾವಕಾರ್ರ ತೂಕ ಎಲ್ಲಿಗೆ ಇಳೀಬೇಕೋ ಅಲ್ಲಿ ಶೈಲಕ್ಕ ಅದಕ್ಕೂ ಒಂದು ಕೆಂಪು ಗೆರಿ ಹಾಕಿದ್ಲು. ಸಾವಕಾರ್ರು ದಿನಾ ಬಂದು ಸುರುಳಿ ತಿಂತಿದ್ರು. ಅವತ್ತು ಕಾಟಾದ ಮ್ಯಾಲ ನಿಂತ್ರು. ಮುಳ್ಳು ಗೆರಿ ದಾಟಿ ಎಲ್ಲೋ ಹೋತು.

"ನೋಡ್ರಿ ಎಲ್ಲಾರೂ" ಅಂತ ನಿಂತಲ್ಲಿಂದ ಕೂಗಿದ್ರು. "ಇಷ್ಟು ದಿನ ಈ ಸುರುಳಿ ಬಿಟ್ಟು ಬ್ಯಾರೆ ಏನೂ ಮುಟ್ಟಿಲ್ಲ ನಾನು. ಒಂದು ಗುಂಜಿ ಇಳದಿಲ್ಲ. ಆ ಕಲ್ಲವ್ವ ಹಿಟ್ಟಿನ್ಯಾಗ ಎಣ್ಣಿ ಕಲಸತಾಳ. ಕಳ್ಳ ರೊಟ್ಟಿ ಇದು. ಆಕೀನ ಬಿಡಸ್ರಿ, ಇಲ್ಲಾಂದ್ರ ಊರ ತುಂಬ ಹೇಳಿ ಅಂಗಡಿ ಮುಚ್ಚಸತೀನಿ."

ತಿನ್ನೋ ಮಂದಿ ಕೈಯಾಗಿನ ಸುರುಳಿ ಕೆಳಗಿಟ್ರು. ಶೈಲಕ್ಕನ ಮೋತಿ ಸಣ್ಣದಾತು. ಎಣ್ಣಿ ಇಲ್ಲ ಅಂತ ಆಕಿಗೆ ಗೊತ್ತು. ಆದ್ರ ಮುಳ್ಳು ಎಲ್ಲಾರ ಕಣ್ಣ ಮುಂದ ನಿಂತಿತ್ತು.

ಅಷ್ಟೊತ್ತಿಗೆ ಮುರಿಗೆಪ್ಪ ಬುಟ್ಟಿ ಹೊತಗೊಂಡು ಒಳಗ ಬಂದ. ಇಳಿಸಿದ. ಕಾಟಾ ಕಂಡ. ಮುಳ್ಳು ಕಂಡ. ಕೆಂಪು ಗೆರಿ ಕಂಡ.

"ಹೆಚ್ಚಾಗೇತ್ರಿ" ಅಂದ.

"ಹೆಚ್ಚಾಗೇತಿ ಅಂತನ ನಾನೂ ಹೇಳಾಕ ಹತ್ತೇನಿ" ಅಂದ್ರು ಸಾವಕಾರ್ರು.

"ಅಲ್ಲಾಡಬ್ಯಾಡ್ರಿ" ಅಂದ ಮುರಿಗೆಪ್ಪ. ಸಾವಕಾರ್ರ ರುಮಾಲು ತಗದ.

"ಏ, ಏನಿದು?"

"ಚೂರು ಚೂರು ತಗೀಬೇಕ್ರಿ." ಹೆಗಲ ಮ್ಯಾಲಿನ ಶಾಲು ತಗದ. ಮುಳ್ಳು ನೋಡಿದ. ಕಾಲಾಗಿನ ಜೋಡು ಎಳದ. ಮುಳ್ಳು ನೋಡಿದ. ಸಾವಕಾರ್ರು ಇಳಿಯಾಕ ಹೋದ್ರು. ಮುರಿಗೆಪ್ಪ ಒಂದು ಕೈಲೆ ಅವರ ನಡ ಹಿಡದ. ಯಾರು ಏನ ಅಂದ್ರೂ ಬಿಡಬ್ಯಾಡ ಅಂತ ಅವ್ವ ಹೇಳಿದ್ಲಲ್ಲ. ಎಮ್ಮಿ ಕರ ಹೊತ್ತ ಕೈ ಅದು, ಸಾವಕಾರ್ರಿಗೆ ಅಲ್ಲಾಡಾಕ ಆಗಲಿಲ್ಲ.

ಇನ್ನೊಂದು ಕೈ ಅಂಗಿ ಕಿಸೆದಾಗ ಹಾಕಿದ. ಒಂದು ಪೊಟ್ಟಣ ಬಂತು. ಬಿಚ್ಚಿದ್ರ ಮಿರ್ಚಿ ಭಜಿ, ಇನ್ನೂ ಬೆಚ್ಚಗ ಇದ್ವು. ಬಾಕಿನ ಮ್ಯಾಲ ಇಟ್ಟ, ಮುಳ್ಳು ನೋಡಿದ. ಎಡಗಿಸೆ. ಪೇಡೆ. ಮುಳ್ಳು ನೋಡಿದ. ಒಳಗಿಸೆ. ಶೇಂಗಾ ಉಂಡಿ, ಒಂದಲ್ಲ, ಮುಷ್ಟಿ ತುಂಬ. ನಡಕ್ಕ ಕಟ್ಟಿದ್ದ ಚೀಲ ಬಿಚ್ಚಿದ. ಬೆಂಡು, ಬತ್ತಾಸು, ಅರ್ಧ ತಿಂದ ಚಕ್ಕಲಿ. ಮುರಿಗೆಪ್ಪ ಒಂದೊಂದ ಸಾಲಾಗಿ ಇಡತಿದ್ದ.

"ಇನ್ನೂ ಹೆಚ್ಚೈತ್ರಿ" ಅಂದು ಧೋತರದ ಗಂಟಿಗೆ ಕೈ ಹಾಕಿದ.

"ಸಾಕೋ ಮಾರಾಯ, ನಾ ಒಪ್ಪಿದೆ" ಅಂದ್ರು ಸಾವಕಾರ್ರು. ದನಿ ಒಳಗ ಹೋಗಿತ್ತು. "ಕಲ್ಲವ್ವನ ರೊಟ್ಟ್ಯಾಗ ತಪ್ಪಿಲ್ಲ. ಧೋತರ ಒಂದು ಬಿಡು."

ಆಗ ನಕ್ರು ನೋಡ್ರಿ ಮಂದಿ. ದವಾಖಾನಿ ಒಳಗಿನ ರೋಗಿಗಳು ಕಿಟಕಿಗೆ ಬಂದು ನೋಡಿದ್ರಂತ. ಸಾವಕಾರ್ರೂ ಕಡಿಗೆ ನಕ್ರು, ಏನ ಮಾಡತಾರ, ರುಮಾಲು ಇಲ್ಲ, ಶಾಲು ಇಲ್ಲ, ಬರೀ ತಲಿಲೆ ನಿಂತಿದ್ರು. ಶೈಲಕ್ಕ ಧೋತರದ ಮ್ಯಾಲಿಂದ ಮುರಿಗೆಪ್ಪನ ಕೈ ಬಿಡಿಸಿದ್ಲು. ಆಕಿ ಕಣ್ಣಾಗ ನೀರು ಬಂದಿದ್ವು.

"ಮುರಿಗೆಪ್ಪ, ನಾಳೆಯಿಂದ ಅಲ್ಲ, ಈಗಿಂದನ ನೀ ನಮ್ಮ ಅಂಗಡ್ಯಾಗ ಕೆಲಸಕ್ಕ. ಈ ಕಾಟಾ ನಿನ್ನ ಕೆಲಸ. ಇದನ್ನ ಬಿಟ್ಟು ಎಲ್ಲೂ ಹೋಗಬ್ಯಾಡ. ತಿಳೀತಿಲ್ಲೋ?"

"ತಿಳೀತ್ರಿ ಅಕ್ಕಾರ."

ಶೈಲಕ್ಕ ಗಿರಾಕಿ ನೋಡಾಕ ಅತ್ಲಾಗ ಹೋದ್ಲು. ಇತ್ಲಾಗ ಮುರಿಗೆಪ್ಪಗ ಅವ್ವನ ನೆಪ್ಪಾತು. ಅವ್ವಗ ಸುದ್ದಿ ಹೇಳಬೇಕು. ಆದ್ರ ಕಾಟಾ ಬಿಟ್ಟು ಹೋಗುವಂಗಿಲ್ಲ. ಕಾಟಾ ಎತ್ತಿದ. ಟವೆಲ್ಲು ತೊಯ್ಸಿ ಕಾಟಾಕ್ಕ ಸುತ್ತಿದ, ತಲಿ ಮ್ಯಾಲ ಇಟಗೊಂಡ, ಗಿಡದ ನೆಳ್ಳಿಂದ ಗಿಡದ ನೆಳ್ಳಿಗೆ ಓಡಿಕೋತ ಮನಿಗೆ ಬಂದ. ಅವ್ವ ಹೇಳಿದ್ದು ಒಂದೂ ಮರತಿರಲಿಲ್ಲ ನೋಡ್ರಿ ಮಗ.

ಕಲ್ಲವ್ವ ಚಾಪಿ ಮ್ಯಾಲ ಎದ್ದು ಕುಂತಿದ್ಲು. ಜ್ವರ ಬಿಟ್ಟಿತ್ತು. ಮಗನ ತಲಿ ಮ್ಯಾಲಿನ ಗಂಟು ಕಂಡು ಚಾಪಿ ಬಿಟ್ಟು ಎದ್ಲು.

"ಏನ ತಂದ್ಯೋ? ಏನ ಮಾಡಿ ಬಂದ್ಯೋ ಮತ್ತ?"

"ಕೆಲಸ ಸಿಕ್ತು ಬೇ. ಅಕ್ಕಾರು ಈ ಕಾಟಾ ನನ್ನ ಕೆಲಸ ಅಂದ್ರು. ಬಿಟ್ಟು ಹೋಗಬ್ಯಾಡ ಅಂದ್ರು, ಅದಕ್ಕ ತಂದೆ."

ಕಲ್ಲವ್ವ ನಂಬಲಿಲ್ಲ. ಮುರಿಗೆಪ್ಪ ರುಮಾಲಿಂದ ಹಿಡದು ಚಕ್ಕಲಿತನಕ ಎಲ್ಲಾ ಹೇಳಿದ. ಸುಳ್ಳು ಹೇಳಾಕ ಅವಗ ಯಾರೂ ಕಲಿಸಿರಲಿಲ್ಲ, ಅದು ಕಲ್ಲವ್ವಗ ಗೊತ್ತಿತ್ತು. ಸೆರಗಿಲೆ ಮೋತಿ ಮುಚ್ಚಿಕೊಂಡು ಅತ್ಲು. "ಇನ್ನ ನಾ ಸತ್ರೂ ಚಿಂತಿಲ್ಲ" ಅಂದ್ಲು.

ಮುರಿಗೆಪ್ಪ ಆ ಮಾತು ಕೇಳಿದನೋ ಇಲ್ಲೋ. ಕಾಟಾ ನೆಲದ ಮ್ಯಾಲ ಇಟ್ಟು ಒರಸಾಕ ಹತ್ತಿದ್ದ. "ನಿಂದ್ರು ಬೇ ಇದರ ಮ್ಯಾಲ" ಅಂದ.

"ನಾ ಯಾಕೋ?"

"ನನ್ನ ಕೆಲಸ ಇದು. ನಿಂದ್ರು."

ಮಗನ ಮೊದಲನೇ ದಿನದ ಕೆಲಸ, ಒಲ್ಲೆ ಅನ್ನಬಾರದು ಅಂತ ಕಲ್ಲವ್ವ ನಿಂತ್ಲು. ಮುಳ್ಳು ಒಂದೀಟು ಅಲ್ಲಾಡಿ, ಸಾವಕಾರ್ರ ಗೆರಿಕಿಂತ ಎಷ್ಟೋ ಈಚೆ ನಿಂತುಬಿಡ್ತು. ಊರ ಮಂದಿ ತೂಕ ಇಳಿಸಾಕ ರೊಟ್ಟಿ ಬಡದಾಕಿ ತಾ ಎಷ್ಟು ಇಳದಾಳ ಅಂತ ಅಲ್ಲೀತನಕ ಯಾರೂ ನೋಡಿರಲಿಲ್ಲ. ಮುರಿಗೆಪ್ಪ ನೋಡಿದ. ಬಗ್ಗಿ ಮತ್ತೊಂದು ಸಲ ನೋಡಿದ.

"ಕಡಿಮಿ ಅದಿ ಬೇ" ಅಂದ. "ಇಳೀಬ್ಯಾಡ."

ಒಳಗ ಹೋಗಿ, ಅಂಗಡಿಗೆ ಕೊಟ್ಟು ಉಳದಿದ್ದ ಒಂದು ಛಲೋ ರೊಟ್ಟಿ ತಂದು ಕೈಯಾಗ ಕೊಟ್ಟ. "ತಿನ್ನು." ಕಲ್ಲವ್ವ ತಿಂದ್ಲು. ಮುಳ್ಳು ಅಲ್ಲಾಡಲಿಲ್ಲ. ಇನ್ನೊಂದು ತಂದ. ಅದನ್ನೂ ತಿಂದ್ಲು. ಮುಳ್ಳು ಅಲ್ಲಾಡಲಿಲ್ಲ. ಮುರಿಗೆಪ್ಪ ಹಿಟ್ಟಿನ ಬುಟ್ಟೀನ ತಂದು ಅವ್ವನ ತಲಿ ಮ್ಯಾಲ ಇಟ್ಟ. ಮುಳ್ಳು ಚೂರು ಸರೀತು. ಹಂಚು ತಂದು ಬಗಲಾಗ ಸಿಗಸಿದ. ಜೋಳದ ಗಂಟು ಹೆಗಲ ಮ್ಯಾಲ ಇಟ್ಟ. ನೀರಿನ ಕೊಡ ತಂದು ಟೊಂಕದ ಮ್ಯಾಲ ಕೂಡಿಸಿದ.

"ಲೇ, ಬಿಡೋ, ಬೀಳತೀನಿ" ಅಂತ ಕಲ್ಲವ್ವ ನಗಾಕ ಹತ್ತಿದ್ಲು, ಅಳಾಕ ಹತ್ತಿದ್ಲು, ಯಾವುದು ಯಾವುದಂತ ಆಕಿಗೂ ತಿಳೀಲಿಲ್ಲ.

"ನೀನ ಹೇಳಿಯಲ್ಲ ಬೇ, ಮುಳ್ಳು ಗೆರಿಗೆ ಬಂದು ನಿಂದ್ರೂತನಕ ಬಿಡಬ್ಯಾಡ ಅಂತ. ಇನ್ನ ಸ್ವಲ್ಪ ಐತಿ. ಅಲ್ಲಾಡಬ್ಯಾಡ" ಅಂದ ಮುರಿಗೆಪ್ಪ.

ಹಂಗಂದು ಮನಿ ತುಂಬ ಕಣ್ಣಾಡಿಸಿದ. ಹಗುರಾದ್ದು ಯಾವುದೂ ಉಳಿದಿರಲಿಲ್ಲ. ಮೂಲ್ಯಾಗ ಬೀಸೋ ಕಲ್ಲಿತ್ತು. ತೋಳು ಏರಿಸಿ ಅದರ ಕಡೆ ನಡದ.